ಮರಗೆಣಸು 'ಹೆಂಗಸರ ಬೆಳೆ' ಅನ್ನುವುದು ಎಷ್ಟು ನಿಜ?

ಪ್ರಶ್ನೆ: ಮೇಡಂ, ಆಫ್ರಿಕಾದ ಮರಗೆಣಸಿನ ಬಗ್ಗೆ ಏನು ಓದಿದರೂ ಅದು 'ಹೆಂಗಸರ ಬೆಳೆ' ಎಂಬ ಮಾತು ಬರುತ್ತದೆ. ಗಂಡಸರು ಆ ಹೊಲಕ್ಕೆ ಇಳಿಯುವುದೇ ಇಲ್ವಾ? ಗೆಡ್ಡೆಯಲ್ಲಿ ವಿಷ ಇರುತ್ತದಂತೆ, ಅದನ್ನು ತೆಗೆಯುವುದೂ ಹೆಂಗಸರ ಕೆಲಸವಂತೆ. ಹಾಗಾದರೆ ವಿಷ ಕಡಿಮೆ ಇರುವ ತಳಿಯನ್ನೇ ಬೆಳೆದರೆ ಮುಗೀತಲ್ವಾ? ತುರಿಯುವ ಯಂತ್ರ ಬಂದು ಎಷ್ಟೋ ವರ್ಷವಾಯಿತು, ಆದರೂ ಅವರ ಕೆಲಸ ಯಾಕೆ ಕಡಿಮೆಯಾಗಿಲ್ಲ?

ಉತ್ತರ: ಮೊದಲನೆಯದಕ್ಕೆ ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಗಂಡಸರು ಹೊಲಕ್ಕೆ ಇಳಿಯುತ್ತಾರೆ. ಅದರಲ್ಲೂ ಮರಗೆಣಸಿಗೆ ಒಳ್ಳೆ ಬೆಲೆ ಸಿಗುವ ಕಡೆ ಜಾಸ್ತಿಯೇ ಇಳಿಯುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಯಂತ್ರದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

'ಹೆಂಗಸರ ಬೆಳೆ' ಎಂಬ ಹೆಸರು ಸುಮ್ನೆ ಬಂದದ್ದಲ್ಲ. ಮರಗೆಣಸಿನ ತವರು ದಕ್ಷಿಣ ಅಮೆರಿಕ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗು ಹತ್ತಿ ಆಫ್ರಿಕಾಕ್ಕೆ ಬಂತು. ನೈಜೀರಿಯಾದ ಆಗ್ನೇಯ ಭಾಗದ ಇಗ್ಬೋ ಜನರಲ್ಲಿ ಆಗ ಮರ್ಯಾದೆಯ ಬೆಳೆ ಎಂದರೆ ಯಾಮ್ ಗೆಡ್ಡೆ. ಯಾಮ್ ಗಂಡಸಿನ ಬೆಳೆ. ಕಣಜದಲ್ಲಿ ಎಷ್ಟು ಯಾಮ್ ಇದೆ ಎನ್ನುವುದರ ಮೇಲೆ ಅವನ ಅಂತಸ್ತು ಅಳೆಯುತ್ತಿದ್ದರು. ಒಳ್ಳೆ ಮಣ್ಣು ಯಾಮ್‌ಗೆ ಹೋಗುತ್ತಿತ್ತು. ಸಾರ ಕಳೆದುಕೊಂಡ ತುಂಡು ನೆಲ, ಮನೆಯ ಹಿಂದಿನ ಜಾಗ ಹೆಂಗಸರ ಪಾಲಿಗೆ ಉಳಿಯುತ್ತಿತ್ತು. ಮರಗೆಣಸು ಅಂಥ ನೆಲದಲ್ಲೂ ಬರುತ್ತದೆ. ಒಂದು ಗೇಣು ಉದ್ದದ ಕಡ್ಡಿ ಊರಿದರೆ ಸಾಕು. ಹಾಗಾಗಿ ಅದು ಅವರ ಕೈ ಸೇರಿತು.

1918ರ ಇನ್‌ಫ್ಲುಯೆಂಜಾ ಮಾರಿ ಬಂದು ಹೋದ ಮೇಲೆ ನೈಜೀರಿಯಾದ ಕೆಳ ನೈಜರ್ ನದಿ ಪ್ರದೇಶದಲ್ಲಿ ಮರಗೆಣಸು ಬೇಗ ಹರಡಿತು. ಯಾಮ್‌ಗೆ ಏರಿ ಕಟ್ಟಬೇಕು, ಕೋಲು ನೆಡಬೇಕು, ಬಳ್ಳಿ ಕಟ್ಟಬೇಕು. ಇದನ್ನೆಲ್ಲ ಮಾಡುತ್ತಿದ್ದ ಗಟ್ಟಿ ಆಳುಗಳೇ ಸತ್ತುಹೋಗಿದ್ದರು. ಅಲ್ಲಿಯವರೆಗೆ ಕೀಳಾಗಿ ನೋಡುತ್ತಿದ್ದ ಗೆಡ್ಡೆಯೇ ಮನೆಗಳನ್ನು ಸಾಕಿತು.

ಹೆಸರು ಹಾಗೆಯೇ ಉಳಿಯಿತು, ಕೆಲಸದ ಹಂಚಿಕೆ ಮಾತ್ರ ಬದಲಾಗುತ್ತಾ ಬಂತು. 1989ರಿಂದ ಸುಮಾರು ಎಂಟು ವರ್ಷ ಆಫ್ರಿಕಾದ ಆರು ದೇಶಗಳಲ್ಲಿ ಮರಗೆಣಸಿನ ಮೇಲೆ ಒಂದು ದೊಡ್ಡ ಜಂಟಿ ಅಧ್ಯಯನ ನಡೆಯಿತು. ನೈಜೀರಿಯಾದ ಇಬಾದಾನ್‌ನ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯ ಆಶ್ರಯದಲ್ಲಿ ನಡೆದ ಅದನ್ನು ಮುನ್ನಡೆಸಿದವರು ಫೆಲಿಕ್ಸ್ ಎನ್ವೆಕೆ. 'ಇದು ಹೆಂಗಸರದ್ದು ಮಾತ್ರ' ಎಂಬ ನಂಬಿಕೆ ತಪ್ಪು ಎಂದು ಆ ಅಧ್ಯಯನ ತೋರಿಸಿತು. ಕಾಡು ಕಡಿಯುವುದು, ನೆಲ ಹಸನು ಮಾಡುವುದು ಹೆಚ್ಚಾಗಿ ಗಂಡಸರ ಕೆಲಸ. ಕಳೆ ಕೀಳುವುದು, ಗೆಡ್ಡೆ ಕಿತ್ತು ಮನೆಗೆ ಹೊರುವುದು, ಆಮೇಲೆ ಅದನ್ನು ಆಹಾರ ಮಾಡುವುದು ಹೆಚ್ಚಾಗಿ ಹೆಂಗಸರದ್ದು. ಬೆಳೆ ಸಂತೆಗೆ ಹೋಗಲು ಶುರುವಾದ ಕಡೆ ಗಂಡಸರ ದುಡಿಮೆ ಹೆಚ್ಚಾಗಿತ್ತು.

ಹೊಲದ ಲೆಕ್ಕ ಅಷ್ಟೇ. ನಿಜವಾದ ಕಥೆ ಇರುವುದು ಗೆಡ್ಡೆ ಮನೆಗೆ ಬಂದ ಮೇಲೆ.

ಯಾಕೆಂದರೆ ಮರಗೆಣಸು ಕಿತ್ತ ಕೂಡಲೇ ಊಟವಲ್ಲ. ಅದರ ಜೀವಕೋಶದೊಳಗೆ ಲಿನಾಮರಿನ್ ಎಂಬ ವಸ್ತು ಇರುತ್ತದೆ. ಕೋಶದ ಗೋಡೆಯಲ್ಲಿ ಲಿನಾಮರೇಸ್ ಎಂಬ ಕಿಣ್ವ ಇರುತ್ತದೆ. ಗೆಡ್ಡೆ ಗಟ್ಟಿಯಾಗಿರುವವರೆಗೆ ಎರಡೂ ಬೇರೆ ಬೇರೆ. ಕೊಯ್ದಾಗ, ತುರಿದಾಗ, ಜಜ್ಜಿದಾಗ ಗೋಡೆ ಒಡೆದು ಎರಡೂ ಸೇರುತ್ತವೆ. ಆಗ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ಕೇಳಿದರೆ ಭಯವಾಗುತ್ತದೆ, ಆದರೆ ನಮಗೆ ಬೇಕಾದದ್ದೂ ಅದೇ. ಈ ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಬಿಸಿ ನೆಲದ ಗಾಳಿಯಲ್ಲಿ ತಾನೇ ಹಾರಿಹೋಗುತ್ತದೆ. ಅಂದರೆ ವಿಷ ತೆಗೆಯುವುದು ಎಂದರೆ ವಿಷವನ್ನು ಮೊದಲು ಹುಟ್ಟಿಸಿ, ಆಮೇಲೆ ಓಡಿಸುವುದು. ತುಂಡು ಮಾಡಿ ಸುಮ್ನೆ ಬೇಯಿಸಿದರೆ ಕಿಣ್ವ ಬೇಗ ಸತ್ತುಹೋಗಿ ಲಿನಾಮರಿನ್ ಒಳಗೇ ಉಳಿಯುತ್ತದೆ. ವಿಷ ಜಾಸ್ತಿ ಇರುವ ಕಹಿ ತಳಿಗೆ ಬರೀ ಬೇಯಿಸುವುದು ಸಾಲದು ಅನ್ನುವುದು ಇದಕ್ಕೇ.

ಇದನ್ನು ಕಂಡುಹಿಡಿದವರು ಪ್ರಯೋಗಾಲಯದವರಲ್ಲ. ಅಮೆಜಾನ್ ಕಾಡಿನ ಹೆಂಗಸರು ಸಾವಿರಾರು ವರ್ಷ ಮೊದಲೇ ಇದರ ಸುತ್ತ ಒಂದು ಇಡೀ ಅಡುಗೆಮನೆ ಕಟ್ಟಿದ್ದರು. ಅಲ್ಲಿ ತಿಪಿತಿ ಎಂಬ ಹೆಣೆದ ಉದ್ದ ಚೀಲ ಇದೆ. ಹೆಬ್ಬಾವಿನ ಹಾಗೆ ಕಾಣುತ್ತದೆ. ತುರಿದ ಹಿಟ್ಟನ್ನು ಅದರೊಳಗೆ ತುಂಬಿ ಮೇಲಿಂದ ನೇತುಹಾಕುತ್ತಾರೆ. ಕೆಳತುದಿಗೆ ಒಂದು ಗಳ ಸಿಕ್ಕಿಸಿ ಅದರ ಮೇಲೆ ಕೂರುತ್ತಾರೆ. ಚೀಲ ಉದ್ದಕ್ಕೆ ಎಳೆದುಕೊಂಡ ಹಾಗೆ ಕಿರಿದಾಗಿ ರಸವೆಲ್ಲ ಇಳಿಯುತ್ತದೆ. ಆ ರಸವನ್ನು ಚೆಲ್ಲುವುದಿಲ್ಲ. ತಳದಲ್ಲಿ ಕೂರುವ ಪಿಷ್ಟ ಒಂದು ಅಡುಗೆಗೆ, ಮೇಲಿನ ನೀರನ್ನು ಹೊತ್ತುಗಟ್ಟಲೆ ಕುದಿಸಿದರೆ ತುಕುಪಿ ಎಂಬ ಸಾರು. ವಾಯವ್ಯ ಅಮೆಜಾನಿನಲ್ಲಿ ತಿಪಿತಿ ಹೆಣೆಯುವುದು ಗಂಡಸರ ಕೆಲಸ, ಬಳಸುವುದು ಹೆಂಗಸರ ಕೆಲಸ.

ಗೆಡ್ಡೆ ಆಫ್ರಿಕಾಕ್ಕೆ ಬಂದಾಗ ಈ ಜ್ಞಾನ ಪೂರ್ತಿ ಜೊತೆಗೆ ಬರಲಿಲ್ಲ. ಅಲ್ಲಿನ ಹೆಂಗಸರು ತಮ್ಮದೇ ದಾರಿಗಳನ್ನು ಮಾಡಿಕೊಂಡರು. ಕಾಂಗೋದಲ್ಲಿ ಗೆಡ್ಡೆಯನ್ನು ಮೂರು ನಾಲ್ಕು ದಿನ ನೀರಲ್ಲಿ ನೆನೆಹಾಕಿ ಮೆತ್ತಗೆ ಮಾಡುತ್ತಾರೆ. ಅರೆದು, ಎಲೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸಿದರೆ ಶಿಕ್ವಾಂಗ್. ಐವರಿ ಕೋಸ್ಟ್‌ನಲ್ಲಿ ಹಬೆಯಲ್ಲಿ ಬೇಯಿಸಿದ ರವೆಯಂಥ ಅತ್ತಿಯೆಕೆ. ನೈಜೀರಿಯಾ, ಘಾನಾ, ಬೆನಿನ್, ಟೋಗೋಗಳಲ್ಲಿ ಹುರಿದ ರವೆಯಂಥ ಗಾರಿ.

ಗಾರಿಯ ಕೆಲಸವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಯಂತ್ರದ ಪ್ರಶ್ನೆಗೆ ಉತ್ತರ ಇದರೊಳಗೇ ಇದೆ.

ಗೆಡ್ಡೆ ಕಿತ್ತ ಮೇಲೆ ಎರಡು ಮೂರು ದಿನವಷ್ಟೇ ಗಡುವು. ಅಷ್ಟರಲ್ಲಿ ಒಳಗೆ ನೀಲಿ ಗೆರೆ ಮೂಡಿ ಕೆಡಲು ಶುರುವಾಗುತ್ತದೆ. ಹಾಗಾಗಿ ಕಿತ್ತ ದಿನವೇ ಅಥವಾ ಮರುದಿನವೇ ಸಿಪ್ಪೆ ಸುಲಿಯಬೇಕು. ಹೆಂಗಸರು, ಮಕ್ಕಳು ರಾಶಿಯ ಸುತ್ತ ಗುಂಪಾಗಿ ಕೂತು ಚಾಕುವಿನಲ್ಲಿ ಒಂದೊಂದೇ ಗೆಡ್ಡೆ ಸುಲಿಯುತ್ತಾರೆ. ಸುಲಿದದ್ದನ್ನು ತೊಳೆದು ತುರಿಯಬೇಕು. ಹಿಂದೆ ಮೊಳೆಯಿಂದ ತೂತು ಹೊಡೆದ ತಗಡನ್ನು ಹಲಗೆಗೆ ಬಡಿದು, ಅದರ ಮೇಲೆ ಗೆಡ್ಡೆ ಉಜ್ಜುತ್ತಿದ್ದರು. ಬೆರಳ ತುದಿಯೂ ಗೆಡ್ಡೆಯ ಜೊತೆ ತುರಿದುಹೋಗುತ್ತಿತ್ತು. ತುರಿದದ್ದನ್ನು ಚೀಲಕ್ಕೆ ತುಂಬಿ, ಮೇಲೆ ಕಲ್ಲು ಹೇರಿ, ಎರಡರಿಂದ ನಾಲ್ಕೈದು ದಿನ ಬಿಡುತ್ತಾರೆ. ನೀರು ಇಳಿಯುತ್ತದೆ, ಹಿಟ್ಟು ಹುಳಿಯಾಗುತ್ತದೆ. ಆಮೇಲೆ ಗಟ್ಟಿಯಾದ ಹಿಟ್ಟನ್ನು ಪುಡಿಮಾಡಿ ಜರಡಿ ಹಿಡಿಯಬೇಕು, ನಾರು ತೆಗೆಯಬೇಕು. ಕೊನೆಗೆ ಅಗಲವಾದ ಬಾಣಲೆಯಲ್ಲಿ ಸೌದೆ ಉರಿಯ ಮೇಲೆ ಹುರಿಯಬೇಕು. ಒಂದು ಕ್ಷಣ ಕೈ ನಿಲ್ಲಿಸುವ ಹಾಗಿಲ್ಲ. ಸೋರೆಬುರುಡೆಯ ಚೂರಿನಿಂದ ಒತ್ತುತ್ತಾ, ತಿರುವುತ್ತಾ ಇರಬೇಕು. ಇಲ್ಲದಿದ್ದರೆ ಮುದ್ದೆ ಕಟ್ಟುತ್ತದೆ, ಇಲ್ಲವೇ ಸೀಯುತ್ತದೆ. ಮುಖಕ್ಕೆ ಹೊಗೆ, ಉರಿ, ಜೊತೆಗೆ ಹಿಟ್ಟಿನಿಂದ ಏಳುವ ಆವಿ. ಉಳಿದ ವಿಷ ಹೊರಗೆ ಹೋಗುವುದು ಆ ಆವಿಯಲ್ಲೇ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ಕಿಲೋ ಗಾರಿ ಸಿಗಲು ಸುಮಾರು 4ರಿಂದ 5 ಕಿಲೋ ಹಸಿ ಗೆಡ್ಡೆ ಹೋಗಿರುತ್ತದೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಸರಿಮಾಡುತ್ತೇನೆ. ಹುಳಿ ಬರಿಸಿದ್ದರಿಂದಲೇ ವಿಷ ಹೋಗುತ್ತದೆ ಎಂದು ಬಹಳ ಕಡೆ ಬರೆಯುತ್ತಾರೆ. ಗಾರಿಯ ಮಟ್ಟಿಗೆ ದೊಡ್ಡ ಕೆಲಸ ಮಾಡುವುದು ತುರಿಯುವುದೇ. ಕಿಣ್ವ ಮತ್ತು ಲಿನಾಮರಿನ್ ಚೆನ್ನಾಗಿ ಸೇರುವುದು ಆಗ. ಹಿಂಡುವಾಗ ಒಂದಷ್ಟು ನೀರಿನ ಜೊತೆ ಹೋಗುತ್ತದೆ, ಹುರಿಯುವಾಗ ಉಳಿದದ್ದು ಹೋಗುತ್ತದೆ. ಹುಳಿಯಿಂದ ಮುಖ್ಯವಾಗಿ ಸಿಗುವುದು ರುಚಿ. ನುರಿತ ಹೆಂಗಸು ಹಿಟ್ಟನ್ನು ಮೂಸಿ, ಬೆರಳಲ್ಲಿ ಒತ್ತಿ ನೋಡಿ ಇವತ್ತು ಹುರಿಯಬಹುದಾ ಇಲ್ವಾ ಅಂತ ಹೇಳುತ್ತಾಳೆ. ನಮ್ಮಂಥವರಿಗೆ ಅದಕ್ಕೆ ಉಪಕರಣ ಬೇಕು.

ಈಗ ನಿಮ್ಮ ಇನ್ನೊಂದು ಪ್ರಶ್ನೆ. ವಿಷ ಕಡಿಮೆ ಇರುವ ಸಿಹಿ ತಳಿ ಬೆಳೆದರೆ ಆಗಲ್ವಾ?

ಸಿಹಿ ತಳಿಗಳು ಇವೆ. ಸಿಪ್ಪೆ ತೆಗೆದು ಬೇಯಿಸಿ ತಿನ್ನುತ್ತಾರೆ. ಆದರೆ ಮಲಾವಿ ಸರೋವರದ ಪಕ್ಕದ ಎನ್ಖಾಟಾ ಬೇ ಭಾಗದಲ್ಲಿ ಹೆಂಗಸರು ಬೇಕೆಂದೇ ಕಹಿ ತಳಿ ನೆಡುತ್ತಾರೆ. ಅವರು ಕೊಡುವ ಕಾರಣ ಸರಳ. ಸಿಹಿಯಾದದ್ದನ್ನು ಕಳ್ಳರು ಕೀಳುತ್ತಾರೆ, ಮಂಗ ಕೀಳುತ್ತದೆ, ಹಂದಿ ಅಗೆಯುತ್ತದೆ. ಕಹಿಯನ್ನು ಯಾರೂ ಮುಟ್ಟುವುದಿಲ್ಲ. ಕದ್ದವನು ಅದನ್ನು ದಿನಗಟ್ಟಲೆ ನೆನೆಹಾಕಿ, ಒಣಗಿಸಿ, ಕುಟ್ಟಿ ಕೂರಬೇಕಲ್ಲ! ಮರಗೆಣಸು ನೆಲದಲ್ಲೇ ತಿಂಗಳುಗಟ್ಟಲೆ ಇರುತ್ತದೆ. ಬೇಕಾದಾಗ ಬೇಕಾದಷ್ಟು ಕೀಳಬಹುದು. ಮನೆ ನಡೆಸುವವಳಿಗೆ ಅದೇ ಕಣಜ. ಆ ಕಣಜಕ್ಕೆ ಕಹಿಯೇ ಬೀಗ. ಬೀಗ ತೆಗೆಯಲು ಬೇಕಾದ ದುಡಿಮೆಯೂ ಅವಳದ್ದೇ ಅನ್ನುವುದು ಅವಳಿಗೆ ಗೊತ್ತು. ಗೊತ್ತಿದ್ದೇ ಆರಿಸುತ್ತಾಳೆ. ಹೊರಗಿನಿಂದ ಹೋಗಿ 'ವಿಷದ ತಳಿ ಬಿಡಿ' ಅನ್ನುವವರು ಇದನ್ನು ಮೊದಲು ಕೇಳಿಸಿಕೊಳ್ಳಬೇಕು ಅಂತ ನನಗನ್ನಿಸುತ್ತದೆ.

ತಳಿಯ ಮಾತು ಬಂತಲ್ಲ, ಒಂದು ಸಣ್ಣ ಅಡ್ಡದಾರಿ. ಮರಗೆಣಸನ್ನು ಬೀಜದಿಂದಲ್ಲ, ಕಡ್ಡಿಯಿಂದ ಬೆಳೆಯುತ್ತಾರೆ. ಹಾಗಾಗಿ ತಳಿ ಊರಿಂದ ಊರಿಗೆ ಹೋಗಬೇಕಾದರೆ ಯಾರಾದರೂ ಹೊತ್ತೊಯ್ಯಬೇಕು. ಗ್ಯಾಬೊನ್‌ನಲ್ಲಿ ಊರೂರಿನ ಮರಗೆಣಸಿನ ವಂಶವಾಹಿ ಪರೀಕ್ಷಿಸಿದ ವಿಜ್ಞಾನಿಗಳು 2011ರಲ್ಲಿ ಚಂದದ ಒಂದು ಸಂಗತಿ ಪ್ರಕಟಿಸಿದರು. ತಾಯಿಯ ಕಡೆಯಿಂದ ವಂಶ ಎಣಿಸುವ ದಕ್ಷಿಣದ ಸಮುದಾಯಗಳಲ್ಲಿ ತಳಿಗಳ ವೈವಿಧ್ಯ ಜಾಸ್ತಿ. ತಂದೆಯ ಕಡೆಯಿಂದ ಎಣಿಸುವ ಉತ್ತರದಲ್ಲಿ ಕಡಿಮೆ. ಮಣ್ಣು, ಮಳೆಯ ಜೊತೆಗೆ ಯಾರ ಮಗಳು ಯಾವ ಊರಿಗೆ ಮದುವೆಯಾಗಿ ಹೋಗುತ್ತಾಳೆ ಎನ್ನುವುದೂ ಬೆಳೆಯ ಚಹರೆಯನ್ನು ತೀರ್ಮಾನಿಸುತ್ತದೆ ಅಂತಾಯಿತು. ಪೆರುವಿನ ಅಗುವಾರುನಾ ಹೆಂಗಸರಲ್ಲೂ ಕಡ್ಡಿ ಕೈಬದಲಾಗುವುದು ಹೆಚ್ಚಾಗಿ ತಾಯಿ, ಮಗಳು, ಅಕ್ಕ, ತಂಗಿಯರ ನಡುವೆ. ಬ್ರೆಜಿಲ್‌ನ ರಿಯೊ ನೆಗ್ರೊ ಭಾಗದ ಹೆಂಗಸರು ಒಂದೊಂದು ತೋಟದಲ್ಲಿ ಹತ್ತಾರು ತಳಿ ಇಟ್ಟುಕೊಳ್ಳುತ್ತಾರೆ. ಅಲ್ಲಿನ ಕೃಷಿ ಪದ್ಧತಿಗೆ 2010ರಲ್ಲಿ ಆ ದೇಶ ಸಾಂಸ್ಕೃತಿಕ ಪರಂಪರೆಯ ಮನ್ನಣೆ ಕೊಟ್ಟಿತು.

ಮತ್ತೆ ಯಂತ್ರಕ್ಕೆ ಬರೋಣ.

ಎಂಜಿನ್ನಿನಿಂದ ಓಡುವ ತುರಿಯಂತ್ರ ಪಶ್ಚಿಮ ಆಫ್ರಿಕಾಕ್ಕೆ ಬಂದದ್ದು 1930ರ ದಶಕದಲ್ಲಿ, ಈಗಿನ ಬೆನಿನ್‌ಗೆ, ಫ್ರೆಂಚರ ಮೂಲಕ. ಆಮೇಲೆ ನೈಜೀರಿಯಾದ ಊರಿನ ಬೆಸುಗೆಯವರು ಅದನ್ನು ತಮ್ಮಲ್ಲಿ ಸಿಗುವ ಸಾಮಾನಿನಿಂದಲೇ ಮಾಡಲು ಕಲಿತರು. ಅದು ನಿಜಕ್ಕೂ ದೊಡ್ಡ ಉಪಕಾರ. ಇಡೀ ದಿನ ಹಿಡಿಯುತ್ತಿದ್ದ ತುರಿಯುವ ಕೆಲಸ ನಿಮಿಷಗಳಿಗೆ ಇಳಿಯಿತು. ಬೆರಳುಗಳು ಉಳಿದವು. ಇದನ್ನು ಹೆಂಗಸರೇ ಖುಷಿಯಿಂದ ಹೇಳುತ್ತಾರೆ, ನಾನು ಯಂತ್ರದ ವಿರೋಧಿ ಅಂದುಕೊಳ್ಳಬೇಡಿ.

ಆದರೆ ಯಂತ್ರಕ್ಕೆ ಬಂಡವಾಳ ಬೇಕು. ಸಾಲಕ್ಕೆ ಜಮೀನು ತೋರಿಸಬೇಕು, ಜಮೀನು ಹೆಚ್ಚಾಗಿ ಗಂಡಸರ ಹೆಸರಲ್ಲಿ ಇರುತ್ತದೆ. ಹಾಗಾಗಿ ಬಹಳ ಕಡೆ ಯಂತ್ರದ ಒಡೆಯ ಗಂಡಸು, ನಡೆಸುವವನೂ ಗಂಡು ಹುಡುಗ. ಹೆಂಗಸು ಬೇಸಿನ್ ತಲೆಮೇಲೆ ಹೊತ್ತು ತಂದು, ಸರದಿಯಲ್ಲಿ ನಿಂತು, ದುಡ್ಡು ಕೊಟ್ಟು ತುರಿಸಿಕೊಂಡು ಹೋಗುತ್ತಾಳೆ. ಎಲ್ಲ ಕಡೆಯೂ ಹೀಗೆಯೇ ಅಲ್ಲ. ಹೆಂಗಸರ ಸಂಘಗಳು ಸೇರಿ ಕೊಂಡ ಯಂತ್ರಗಳೂ ಇವೆ. ಆದರೆ ಮೊದಲು ಹೇಳಿದ ಮಾತು ಇಲ್ಲೂ ನಿಜವಾಯಿತು ನೋಡಿ. ಯಾವ ಹಂತದಲ್ಲಿ ಕಾಸು ಹುಟ್ಟುತ್ತದೋ ಆ ಹಂತಕ್ಕೆ ಗಂಡಸರು ಬರುತ್ತಾರೆ.

ಇನ್ನೊಂದು ಪರಿಣಾಮವನ್ನು ಯೋಜನೆ ಮಾಡುವವರು ಮರೆತೇಬಿಡುತ್ತಾರೆ. ತುರಿಯುವುದು ಬೇಗ ಆದ ಕೂಡಲೇ ಜಾಸ್ತಿ ಗೆಡ್ಡೆ ಸಂಸ್ಕರಿಸಬಹುದು. ಜಾಸ್ತಿ ಗೆಡ್ಡೆ ಎಂದರೆ ಜಾಸ್ತಿ ಸಿಪ್ಪೆ ಸುಲಿಯಬೇಕು, ಜಾಸ್ತಿ ಹೊತ್ತು ಹೊಗೆಯ ಮುಂದೆ ಕೂತು ಹುರಿಯಬೇಕು. ಆ ಎರಡು ಕೆಲಸಗಳು ಇಂದಿಗೂ ಹೆಚ್ಚಾಗಿ ಕೈಯಲ್ಲೇ ನಡೆಯುತ್ತವೆ. ನಡುವಿನ ಒಂದು ಹಂತ ಓಡತೊಡಗಿತು, ಅದರ ಹಿಂದಿನದೂ ಮುಂದಿನದೂ ನಡೆದುಕೊಂಡೇ ಬರುತ್ತಿವೆ. ನಿಮ್ಮ ಪ್ರಶ್ನೆಗೆ ಉತ್ತರ ಇದೇ. ದುಡಿಮೆ ಒಂದು ಮೂಲೆಯಿಂದ ಎದ್ದು ಇನ್ನೊಂದು ಮೂಲೆಯಲ್ಲಿ ಹೋಗಿ ಕೂತಿತು.

ಇವರು ಹೊಸ ತಳಿಗಳನ್ನು ಯಾಕೆ ಒಪ್ಪುವುದಿಲ್ಲ ಎಂದು ಬೇಸರ ಮಾಡಿಕೊಳ್ಳುವವರಿಗೂ ಇಲ್ಲೇ ಉತ್ತರ ಇದೆ. ತಳಿ ವಿಜ್ಞಾನಿ ಬಹಳ ಕಾಲ ನೋಡಿದ್ದು ಎಕರೆಗೆ ಎಷ್ಟು ಟನ್, ರೋಗ ತಡೆಯುತ್ತದಾ ಎಂದು. ಅದು ತಪ್ಪಲ್ಲ. ಆದರೆ ಹುರಿಯುವವಳು ನೋಡುವುದು ಬೇರೆ. ಗೆಡ್ಡೆಯಲ್ಲಿ ನೀರು ಜಾಸ್ತಿ ಇದ್ದರೆ ಗಾರಿ ಕಡಿಮೆ, ಸೌದೆ ಜಾಸ್ತಿ. ಗೆಡ್ಡೆ ಸೊಟ್ಟಗಿದ್ದರೆ ಸುಲಿಯುವುದು ಕಷ್ಟ. ಬಣ್ಣ ಮಂಕಾದರೆ ಸಂತೆಯಲ್ಲಿ ಕೇಳುವವರಿಲ್ಲ. ನೈಜೀರಿಯಾ 2011ರಲ್ಲಿ ಎ ಜೀವಸತ್ವ ಹೆಚ್ಚಿರುವ ಹಳದಿ ಮರಗೆಣಸು ಬಿಡುಗಡೆ ಮಾಡಿತು. ಹೆಂಗಸರು ಮೊದಲಿಂದಲೂ ತಾಳೆ ಎಣ್ಣೆ ಹಾಕಿ ಹಳದಿ ಗಾರಿ ಮಾಡುತ್ತಿದ್ದರು. ಹೊಸ ತಳಿಯಲ್ಲಿ ಎಣ್ಣೆಯ ಖರ್ಚು ಉಳಿಯುತ್ತದೆ ಎಂಬುದು ಅವರಿಗೆ ಹಿಡಿಸಿತು. ಆದರೆ ಆ ಮೊದಲ ತಳಿಗಳಲ್ಲಿ ನೀರಿನಂಶ ಜಾಸ್ತಿ ಎಂಬ ದೂರೂ ಅವರಿಂದಲೇ ಬಂತು. ಈಗ ಕೆಲವು ತಳಿ ಕಾರ್ಯಕ್ರಮಗಳಲ್ಲಿ ಗಾರಿ ಮಾಡುವವರನ್ನೇ ಕೂರಿಸಿ, ಸುಲಿಸಿ, ಹುರಿಸಿ, ಅಂಕ ಹಾಕಿಸುತ್ತಾರೆ. ತಡವಾಗಿ ಬಂದ ಬುದ್ಧಿ, ಆದರೂ ಒಳ್ಳೆಯದು.

ಇಷ್ಟು ಹೊತ್ತು ಹೇಳಿದ್ದು ದುಡಿಮೆಯ ಮಾತು. ಸಮಯ ಸಿಗದಿದ್ದಾಗ ಏನಾಗುತ್ತದೆ ಎಂಬುದನ್ನೂ ಹೇಳಲೇಬೇಕು.

ಕೊಂಜೊ ಎಂಬ ಕಾಯಿಲೆ ಇದೆ. ಬೆಳಗ್ಗೆ ಎದ್ದವರಿಗೆ ಇದ್ದಕ್ಕಿದ್ದ ಹಾಗೆ ಕಾಲುಗಳು ಸೆಟೆದುಕೊಂಡಿರುತ್ತವೆ. ಮತ್ತೆ ಸರಿಹೋಗುವುದಿಲ್ಲ. ಕಾಂಗೋದ ಯಾಕಾ ಭಾಷೆಯಲ್ಲಿ ಆ ಪದಕ್ಕೆ 'ಕಟ್ಟಿಹಾಕಿದ ಕಾಲು' ಎಂದು ಅರ್ಥ. ವೈದ್ಯರ ದಾಖಲೆಗೆ ಇದನ್ನು 1938ರಲ್ಲಿ ತಂದವರು ಟ್ರೋಲಿ ಎಂಬ ವೈದ್ಯ. ಸರಿಯಾಗಿ ಸಂಸ್ಕರಿಸದ ಕಹಿ ಮರಗೆಣಸನ್ನು ವಾರಗಟ್ಟಲೆ ತಿಂದು, ಜೊತೆಗೆ ಮೀನು, ಮಾಂಸ, ಕಾಳುಗಳ ಪ್ರೋಟೀನ್ ಸಿಗದಿದ್ದರೆ ಇದು ಬರುತ್ತದೆ. ಸಯನೈಡನ್ನು ತಟಸ್ಥ ಮಾಡಲು ದೇಹಕ್ಕೆ ಗಂಧಕ ಇರುವ ಅಮೈನೋ ಆಮ್ಲ ಬೇಕು. ಬರೀ ಮರಗೆಣಸಿನಲ್ಲಿ ಅದು ಸಿಗುವುದಿಲ್ಲ. 1981ರ ಬರಗಾಲದಲ್ಲಿ ಮೊಜಾಂಬಿಕ್‌ನ ನಂಪುಲಾ ಪ್ರಾಂತ್ಯದಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿತು. ಹೆಚ್ಚು ಬಲಿಯಾಗುವವರು ಮಕ್ಕಳು ಮತ್ತು ಹೆರುವ ವಯಸ್ಸಿನ ಹೆಂಗಸರು.

ಕಾಂಗೋದ ಬಾಂಡುಂಡು ಭಾಗದಲ್ಲಿ ನಡೆದದ್ದು ಇನ್ನೂ ಕಹಿ. ಅಲ್ಲಿ ಬರಗಾಲ ಇರಲಿಲ್ಲ. ರಾಜಧಾನಿ ಕಿನ್ಶಾಸಾಕ್ಕೆ ಒಳ್ಳೆ ಟಾರು ರಸ್ತೆ ಆಯಿತು. ಲಾರಿಗಳು ಬಂದವು, ಮರಗೆಣಸಿಗೆ ಬೇಡಿಕೆ ಏರಿತು. ಬೇಗ ಮಾರಬೇಕು ಎಂಬ ಅವಸರದಲ್ಲಿ ಮೂರು ದಿನ ನೆನೆಹಾಕುವ ಗೆಡ್ಡೆಯನ್ನು ಒಂದೇ ದಿನಕ್ಕೆ ತೆಗೆಯತೊಡಗಿದರು. ಕೊಂಜೊ ಕಾಣಿಸಿಕೊಂಡಿತು. 1990ರ ದಶಕದ ಆರಂಭದಲ್ಲಿ ಸಂಶೋಧಕರು ಇದನ್ನು ದಾಖಲಿಸಿದರು. ಆ ಹೆಂಗಸರಿಗೆ ಗೊತ್ತಿರಲಿಲ್ಲ ಅಂತ ಹೇಳಬೇಡಿ. ಮೂರು ದಿನ ಬೇಕು ಎಂದು ಅವರಿಗೆ ತಲೆಮಾರುಗಳಿಂದ ಗೊತ್ತಿತ್ತು. ಕಾಯಲು ಲಾರಿ ತಯಾರಿರಲಿಲ್ಲ.

ಪರಿಹಾರ ಏನು ಎಂದರೆ, ಆಸ್ಟ್ರೇಲಿಯಾ ರಾಷ್ಟ್ರೀಯ ವಿಶ್ವವಿದ್ಯಾಲಯದ ಹೊವಾರ್ಡ್ ಬ್ರಾಡ್‌ಬರಿ ಎಂಬ ರಸಾಯನ ವಿಜ್ಞಾನಿ ಒಂದು ಸುಲಭದ ಉಪಾಯ ತೋರಿಸಿದರು. ಒಣ ಹಿಟ್ಟನ್ನು ಪಾತ್ರೆಗೆ ಹಾಕಿ, ಎಲ್ಲಿಯವರೆಗೆ ಬಂತು ಎಂದು ಒಳಗೆ ಗುರುತು ಮಾಡಬೇಕು. ನೀರು ಹಾಕಿ ಕಲಸುತ್ತಾ ಹೋದರೆ ಹಿಟ್ಟು ಮೊದಲು ಕುಗ್ಗಿ, ಆಮೇಲೆ ಮತ್ತೆ ಆ ಗುರುತಿಗೇ ಏರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಆ ಒದ್ದೆ ಹಿಟ್ಟನ್ನು ಚಾಪೆಯ ಮೇಲೆ ತೆಳ್ಳಗೆ ಹರಡಿ, ಬಿಸಿಲಲ್ಲಿ 2 ಗಂಟೆ ಅಥವಾ ನೆರಳಲ್ಲಿ 5 ಗಂಟೆ ಬಿಟ್ಟರೆ ಉಳಿದ ಸಯನೈಡ್ ಬಹುಪಾಲು ಹೋಗುತ್ತದೆ. ಅದೇ ದಿನ ಆ ಹಿಟ್ಟಿನಿಂದ ಅಡುಗೆ ಮಾಡಬೇಕು. 2010ರಲ್ಲಿ ಕಾಂಗೋದ ಪೊಪೊಕಬಾಕಾ ಭಾಗದ ಕೇ ಕಲೆಂಡಾ ಎಂಬ ಹಳ್ಳಿಯ ಹೆಂಗಸರಿಗೆ ಇದನ್ನು ಕಲಿಸಿದರು. ಪ್ರಯೋಗ ನಡೆದಷ್ಟೂ ಕಾಲ ಅಲ್ಲಿ ಹೊಸ ಕೊಂಜೊ ಬರಲಿಲ್ಲ. ಒಬ್ಬರಿಂದ ಒಬ್ಬರು ಕಲಿತು ಪಕ್ಕದ ಹಳ್ಳಿಗಳಿಗೂ ಹೋಯಿತು. ಇದಕ್ಕೆ ಯಂತ್ರ ಬೇಡ, ಸಾಲ ಬೇಡ, ಯಾರ ಸರದಿಯಲ್ಲೂ ನಿಲ್ಲಬೇಕಿಲ್ಲ. ದಿನಕ್ಕೆ ಇನ್ನೊಂದು ಕೆಲಸ ಮಾತ್ರ ಹೆಚ್ಚಾಯಿತು, ಅದೂ ಅವರಿಗೇ. ನಾನು ಇದನ್ನು ಮೆಚ್ಚುತ್ತೇನೆ, ಆದರೆ ಆ ಲೆಕ್ಕವನ್ನು ಬಿಟ್ಟು ಮೆಚ್ಚಲಾರೆ.

ಕೊನೆಗೆ, ಸಿಪ್ಪೆ ಸುಲಿಯುವ ಯಂತ್ರ ಯಾಕಿಲ್ಲ ಎಂದು ನೀವು ಮುಂದಿನ ಪತ್ರದಲ್ಲಿ ಕೇಳಿಯೇ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಇದೆ. ದೊಡ್ಡ ಕಾರ್ಖಾನೆಗಳು ಬಳಸುತ್ತವೆ. ಆದರೆ ಒಂದು ಗೆಡ್ಡೆಯ ಹಾಗೆ ಇನ್ನೊಂದು ಇರುವುದಿಲ್ಲ. ಒಂದು ಸೊಟ್ಟ, ಒಂದು ಮೊಂಡ, ಒಂದು ನಡುವಲ್ಲಿ ಸಣ್ಣಗಾಗಿ ಮತ್ತೆ ಉಬ್ಬಿರುತ್ತದೆ. ಉಜ್ಜಿ ಸುಲಿಯುವ ಯಂತ್ರ ಉಬ್ಬಿದ ಕಡೆ ತಿರುಳನ್ನೂ ತಿಂದುಹಾಕುತ್ತದೆ, ತಗ್ಗಿನಲ್ಲಿ ಸಿಪ್ಪೆ ಹಾಗೇ ಬಿಡುತ್ತದೆ. ಸಿಪ್ಪೆಯಲ್ಲೇ ವಿಷ ಜಾಸ್ತಿ. ಹಾಗಾಗಿ ಯಂತ್ರದಿಂದ ಹೊರಬಂದ ಗೆಡ್ಡೆಯನ್ನು ಒಬ್ಬಳು ಚಾಕು ಹಿಡಿದು ಮತ್ತೊಮ್ಮೆ ತಿರುಗಿಸಿ ನೋಡುತ್ತಾಳೆ.